ಹಿಂದಿರುಗದ ಹಗ್ಗ

ಕೂಡ್ಲಿಯಲ್ಲಿ ತುಂಗೆ, ಭದ್ರೆ ಎರಡೂ ಸೇರಿ ತುಂಗಭದ್ರೆಯಾದ ಮೇಲೆ ಹೊಳೆ ಹೊನ್ನಾಳಿಯನ್ನು ಹಾದು ಹರಿಹರದ ಕಡೆಗೆ ಹರಿಯುತ್ತದೆ. ಆ ದಾರಿಯಲ್ಲಿ ದಂಡೆಗೇ ಅಂಟಿಕೊಂಡಿರುವ ಊರು ಉಕ್ಕಡಗಾತ್ರಿ. ಅಮಾವಾಸ್ಯೆಗೆ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಬಂದವರು ಮೊದಲು ಇಳಿಯುವುದು ಸ್ನಾನಘಟ್ಟಕ್ಕೆ. ಮಲೆನಾಡಿನಲ್ಲಿ ಮಳೆ ಹಿಡಿದು, ಗಾಜನೂರಿನ ತುಂಗಾ ಜಲಾಶಯದಿಂದಲೂ ಲಕ್ಕವಳ್ಳಿಯ ಭದ್ರಾ ಜಲಾಶಯದಿಂದಲೂ ಒಟ್ಟಿಗೆ ನೀರು ಬಿಟ್ಟಾಗ ಮೊದಲು ಮುಳುಗುವುದೂ ಅದೇ ಘಟ್ಟ. ಆಮೇಲೆ ದಂಡೆಯ ಅಂಗಡಿಗಳು, ರಸ್ತೆ, ಭತ್ತದ ಗದ್ದೆ. 2019ರ ಆಗಸ್ಟ್ ತಿಂಗಳ ನೆರೆಯನ್ನು ಈ ಹೊಳೆಸಾಲಿನ ಜನ ಇನ್ನೂ ಮರೆತಿಲ್ಲ. ಅಂಥ ಸೆಳವಿನಲ್ಲಿ ತೆಪ್ಪ, ಹರಿಗೋಲು ಇಳಿಸುವಂತಿಲ್ಲ. ಹರಿವಿಗೆ ಎದುರಾಗಿ ಹೋಗಲು ಮೋಟಾರು ಬೇಕು. ದೋಣಿಯ ಹಿಂಬದಿಗೆ ಕಚ್ಚಿಸುವ ಔಟ್‌ಬೋರ್ಡ್ ಮೋಟಾರಿನ ತಲೆಯ ಮೇಲೆ ಒಂದು ಹಿಡಿಕೆ ಇರುತ್ತದೆ, ಹಿಡಿಕೆಗೊಂದು ಹಗ್ಗ. ಎಳೆದರೆ ಎಂಜಿನ್ ಹೊತ್ತಿಕೊಳ್ಳಬೇಕು, ಬಿಟ್ಟರೆ ಹಗ್ಗ ತಾನಾಗಿ ಒಳಗೆ ಸುತ್ತಿಕೊಳ್ಳಬೇಕು. ಹಳೆಯ ಮೋಟಾರುಗಳಲ್ಲಿ ಈ ಎರಡರಲ್ಲಿ ಒಂದು ತಪ್ಪುತ್ತದೆ: ಹಗ್ಗ ಅರ್ಧಕ್ಕೆ ಹಿಡಿದುಕೊಳ್ಳುತ್ತದೆ, ಇಲ್ಲವೆ ಹೊರಗೆ ಬಂದದ್ದು ಒಳಗೆ ಹೋಗದೆ ಜೋತು ಬೀಳುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ, ‘ಸ್ಟಾರ್ಟರ್ ಜಾಮ್ ಆಗಿದೆ’.

ಈ ಜಾಮ್ ಎಲ್ಲಿ ಹುಟ್ಟಿತು ಎಂಬುದನ್ನು ಒಂದು ಬೋಲ್ಟನ್ನೂ ಬಿಚ್ಚುವ ಮೊದಲೇ ಬಹುಮಟ್ಟಿಗೆ ತಿಳಿಯಬಹುದು ಎಂಬುದು ನನ್ನ ವಾದ. ಅದನ್ನು ತಿಳಿಸುವುದು ಹಗ್ಗದ ಹಿಂದಿರುಗುವ ದಾರಿ. ನಾವು ಎಳೆತದ ಮೇಲೆಯೇ ಗಮನ ಇಡುತ್ತೇವೆ, ಏಕೆಂದರೆ ನಮ್ಮ ರಟ್ಟೆಗೆ ನೋವಾಗುವುದು ಆಗ. ಹಗ್ಗ ವಾಪಸ್ಸು ಹೋಗುವುದನ್ನು ಯಾರೂ ನೋಡುವುದಿಲ್ಲ. ಹಿಡಿಕೆ ಬಿಟ್ಟು ಮುಂದಿನ ಎಳೆತಕ್ಕೆ ಸಿದ್ಧರಾಗುತ್ತೇವೆ. ಇದು ತಿರುವುಮುರುವಾಗಬೇಕು. ಇದೇಕೆ ಹೀಗೆಂದು ತಿಳಿಯಲು ಮೊದಲು, ಹಗ್ಗ ಸುತ್ತಿಕೊಳ್ಳುವ ತಟ್ಟೆಯಾಕಾರದ ಮುಚ್ಚಳದೊಳಗೆ ಏನಿದೆ ಎಂದು ನೋಡಬೇಕು.

1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಓಲೆ ಎವಿನ್‌ರೂಡ್ ಮಾರಾಟಕ್ಕೆ ತಂದ ಔಟ್‌ಬೋರ್ಡ್ ಮೋಟಾರಿಗೆ ಹಗ್ಗವೇ ಇರಲಿಲ್ಲ. ಎಂಜಿನ್ ಜೊತೆಗೇ ತಿರುಗುವ ಭಾರದ ಚಕ್ರದ, ಅಂದರೆ ಫ್ಲೈವೀಲಿನ, ಅಂಚಿನಲ್ಲಿದ್ದ ಮರದ ಗುಬಟನ್ನು ಹಿಡಿದು ಕೈಯಲ್ಲೇ ತಿರುಗಿಸಬೇಕಿತ್ತು. ಎಂಜಿನ್ ಹೊತ್ತಿಕೊಂಡ ಕೂಡಲೇ ಅದೇ ಗುಬಟು ಬೆರಳಿಗೆ ಬಡಿಯುತ್ತಿತ್ತು. ಆಮೇಲೆ ಗಂಟು ಹಾಕಿದ ಬಿಡಿ ಹಗ್ಗ ಬಂತು: ಗಂಟನ್ನು ಫ್ಲೈವೀಲ್ ಮೇಲಿನ ರಾಟೆಯ ಕಚ್ಚಿಗೆ ಸಿಕ್ಕಿಸಿ, ಸುತ್ತಿ, ಎಳೆಯುವುದು. ಬ್ರಿಟಿಷ್ ಸೀಗಲ್ ಮೋಟಾರುಗಳು ದಶಕಗಳ ಕಾಲ ಈ ಪದ್ಧತಿಯನ್ನೇ ಉಳಿಸಿಕೊಂಡವು, ಮತ್ತು ಅವುಗಳಲ್ಲಿ ಕೆಡಲು ಹೆಚ್ಚೇನೂ ಇರಲಿಲ್ಲ. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ವ್ಯಾಪಕವಾದ ರಿಕಾಯಿಲ್ ಸ್ಟಾರ್ಟರ್, ಪ್ರತಿ ಸಲ ಹಗ್ಗ ಸುತ್ತುವ ಕೆಲಸವನ್ನು ಒಂದು ಸುರುಳಿ ಸ್ಪ್ರಿಂಗಿಗೆ ಒಪ್ಪಿಸಿತು. ಮುಚ್ಚಳದೊಳಗೆ ಒಂದು ರಾಟೆ, ರಾಟೆಗೆ ಸುತ್ತಿದ ಹಗ್ಗ, ರಾಟೆಯ ಹಿಂದೆ ಚಪ್ಪಟೆ ಉಕ್ಕಿನ ಪಟ್ಟಿಯ ಸ್ಪ್ರಿಂಗ್. ಅದರ ಒಂದು ತುದಿ ಮುಚ್ಚಳಕ್ಕೆ, ಇನ್ನೊಂದು ರಾಟೆಗೆ. ರಾಟೆಯ ಕೆಳಮುಖದಲ್ಲಿ ಪಾಲ್ ಎಂದು ಕರೆಯುವ ಒಂದೆರಡು ಸಣ್ಣ ಹಲ್ಲುಗಳು. ಹಗ್ಗ ಎಳೆದಾಗ ರಾಟೆ ತಿರುಗುತ್ತದೆ. ಘರ್ಷಣೆಯಿಂದ ಹಿಡಿದಿಟ್ಟ ಒಂದು ಕ್ಲಿಪ್ ಪಾಲ್‌ಗಳನ್ನು ಹೊರಕ್ಕೆ ತಳ್ಳುತ್ತದೆ. ಅವು ಫ್ಲೈವೀಲ್ ಮೇಲಿನ ಬಟ್ಟಲಿನ ಹಲ್ಲಿಗೆ ಕಚ್ಚಿಕೊಂಡು ಎಂಜಿನ್ನನ್ನು ತಿರುಗಿಸುತ್ತವೆ. ಹಗ್ಗ ಬಿಟ್ಟಾಗ ರಾಟೆ ಹಿಂದಕ್ಕೆ ತಿರುಗುತ್ತದೆ, ಪಾಲ್‌ಗಳು ಒಳಕ್ಕೆ ಸರಿಯುತ್ತವೆ.

ಎಳೆಯುವಾಗ ನಮ್ಮ ಕೈ ಮತ್ತು ಎಂಜಿನ್ ನಡುವೆ ನೇರ ಸಂಬಂಧವಿದೆ: ಸಿಲಿಂಡರಿನ ಒತ್ತಡ, ಬೇರಿಂಗ್, ಪಿಸ್ಟನ್ ರಿಂಗ್, ಕೆಳಗಿನ ನೀರಿನ ಪಂಪ್, ಎಲ್ಲದರ ಭಾರವೂ ಹಗ್ಗಕ್ಕೆ ಬೀಳುತ್ತದೆ. ಹಗ್ಗ ಹಿಂದಿರುಗುವಾಗ ಎಂಜಿನ್ ಲೆಕ್ಕದಿಂದಲೇ ಹೊರಗೆ. ಆಗ ಕೆಲಸ ಮಾಡುವುದು ಸ್ಪ್ರಿಂಗ್ ಒಂದೇ. ಅದಕ್ಕೆ ಅಡ್ಡ ಬರಬಹುದಾದದ್ದು ರಾಟೆ, ಅದು ನಡುವಿನಲ್ಲಿ ಕೂತು ತಿರುಗುವ ಬುಷ್, ಹಗ್ಗ ಮತ್ತು ಹಗ್ಗ ಹೊರಬರುವ ಕಿಂಡಿ. ಹಾಗಾಗಿ ಹಗ್ಗ ಸೋಮಾರಿಯಂತೆ ಒಳಗೆ ಹೋದರೆ ದೋಷ ಸ್ಟಾರ್ಟರಿನದು, ಎಂಜಿನ್ನಿನದಲ್ಲ. ಎಳೆತ ಮಾತ್ರ ಕಷ್ಟವಾಗಿ, ಬಿಟ್ಟ ಕೂಡಲೇ ಹಗ್ಗ ಚುರುಕಾಗಿ ಸುತ್ತಿಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಎಂಜಿನ್ನನ್ನು. ಎಷ್ಟೋ ಸಲ ಇದು ಉಲ್ಟಾ ನಡೆಯುತ್ತದೆ. ಎಂಜಿನ್ ಒಳಗೆ ತುಕ್ಕು ಹಿಡಿದು ಕೂತಿರುವಾಗ ಸ್ಟಾರ್ಟರ್ ಬಿಚ್ಚಿ, ಸ್ಪ್ರಿಂಗ್ ಹಾರಿಸಿಕೊಂಡು, ಹೊಸ ಹಗ್ಗ ಹಾಕಿ, ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಹಿಂದಿರುಗುವಿಕೆ ಇಷ್ಟು ಸೂಕ್ಷ್ಮ ಪರೀಕ್ಷೆಯಾಗಲು ಇನ್ನೊಂದು ಕಾರಣ ಲೆಕ್ಕದಲ್ಲಿದೆ. ಹಗ್ಗವೊಂದು ಬಾಗಿದ ಮೈಯ ಮೇಲೆ ಜಾರುವಾಗ ಎರಡು ತುದಿಗಳ ಬಿಗಿತ ಒಂದೇ ಇರುವುದಿಲ್ಲ. ಬಾಗಿದ ಕೋನ ಹೆಚ್ಚಿದಷ್ಟೂ, ಮೈ ಒರಟಾದಷ್ಟೂ ವ್ಯತ್ಯಾಸ ಗುಣಿಸಿಕೊಂಡು ಬೆಳೆಯುತ್ತದೆ. ಹದಿನೆಂಟನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಕೊಟ್ಟ ಸೂತ್ರ ಇದು. ಘರ್ಷಣಾಂಕ 0.3 ಇರುವ ನಯವಾದ ಕಿಂಡಿಯಲ್ಲಿ ಹಗ್ಗ 90 ಡಿಗ್ರಿ ಬಾಗಿದರೆ ಒಂದು ಬದಿಯ ಬಿಗಿತ ಇನ್ನೊಂದಕ್ಕಿಂತ ಸುಮಾರು 1.6 ಪಟ್ಟು. ಕಿಂಡಿ ಸವೆದು, ಕೆಸರು ಮೆತ್ತಿ ಘರ್ಷಣಾಂಕ 0.5ಕ್ಕೆ ಏರಿದರೆ ಅದು 2.2 ಪಟ್ಟು. ಸ್ಪ್ರಿಂಗ್ 2 ಕಿಲೋ ತೂಕದಷ್ಟು ಬಲದಿಂದ ಹಗ್ಗವನ್ನು ಒಳಕ್ಕೆಳೆಯುತ್ತಿದೆ ಎಂದುಕೊಳ್ಳೋಣ. ಒರಟು ಕಿಂಡಿಯನ್ನು ದಾಟಿ ಹಿಡಿಕೆಯ ಬದಿಗೆ ಮುಟ್ಟುವುದು 1 ಕಿಲೋಗಿಂತ ಕಡಿಮೆ. ಒಣಗಿದ ಬುಷ್ ಅರ್ಧ ಕಿಲೋದಷ್ಟು ತಿಂದರೆ ಉಳಿಯುವುದು ಇನ್ನೂ ಕಡಿಮೆ. ಎಳೆಯುವಾಗಲೂ ಅದೇ ಘರ್ಷಣೆ ಇರುತ್ತದೆ ನಿಜ. ಆದರೆ ಹದಿನೈದು ಕಿಲೋ ಬಲ ಹಾಕುವ ಕೈಗೆ ಬುಷ್ ತಿನ್ನುವ ಅರ್ಧ ಕಿಲೋ ಗೊತ್ತೇ ಆಗುವುದಿಲ್ಲ, ಕಿಂಡಿಯ ತೊಡಕಿಗೆ ನಾವು ಅರಿವಿಲ್ಲದೆ ಇನ್ನಷ್ಟು ಬಲ ಸೇರಿಸುತ್ತೇವೆ. ಸ್ಪ್ರಿಂಗಿಗೆ ಹಾಗೆ ಸೇರಿಸಿಕೊಳ್ಳಲು ಬೇರೆ ಬಲವಿಲ್ಲ. ಅದಕ್ಕೇ ಸ್ಟಾರ್ಟರಿನ ಕಾಯಿಲೆ ಎಳೆತದಲ್ಲಿ ಕಾಣಿಸಿಕೊಳ್ಳುವ ಎಷ್ಟೋ ಮೊದಲೇ ಹಿಂದಿರುಗುವಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಹೊಳೆದಂಡೆಯ ಮೋಟಾರಿಗೆ ಈ ಮಾತು ಇನ್ನಷ್ಟು ಹೊಂದುತ್ತದೆ. ಮಲ್ಪೆ, ಗಂಗೊಳ್ಳಿ ಕಡೆಯ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್‌ಗಳು ಮೀನುಗಾರಿಕೆಯ ಕಾಲದಲ್ಲಿ ಹೆಚ್ಚುಕಡಿಮೆ ದಿನವೂ ಓಡುತ್ತವೆ. ಅವುಗಳ ಶತ್ರು ಉಪ್ಪು. ನೆರೆಗೆಂದು ಮೀಸಲಿಟ್ಟ ಮೋಟಾರು ವರ್ಷದಲ್ಲಿ ಕೆಲವೇ ದಿನ ಓಡಿ ಉಳಿದ ಕಾಲ ಮೂಲೆಯಲ್ಲಿ ನಿಂತಿರುತ್ತದೆ. ಅದರ ಶತ್ರು ಕಾಲ. ಗ್ರೀಸ್ ಎಂದರೆ ಸಾಬೂನಿನಂಥ ಮಂದಕದಲ್ಲಿ ಹಿಡಿದಿಟ್ಟ ಎಣ್ಣೆ. ವರ್ಷಗಟ್ಟಲೆ ಬಿಟ್ಟರೆ ಎಣ್ಣೆ ಸೋರಿಹೋಗಿ ಮಂದಕ ಮಾತ್ರ ಮೇಣದಂತೆ ಉಳಿಯುತ್ತದೆ. ಕಳೆದ ನೆರೆಯಲ್ಲಿ ಒಳಸೇರಿದ ಗೋಡು ಅದರೊಂದಿಗೆ ಬೆರೆತರೆ ಅದು ಜಾರಿಸುವ ವಸ್ತುವಾಗಿ ಉಳಿಯುವುದಿಲ್ಲ, ಉಜ್ಜುವ ವಸ್ತುವಾಗುತ್ತದೆ. ಮುಚ್ಚಳದ ಗಾಳಿಕಿಂಡಿಗಳು ಕುಂಬಾರ ಹುಳುವಿಗೆ ಹೇಳಿ ಮಾಡಿಸಿದ ಜಾಗ. ಅದು ಕಟ್ಟಿದ ಮಣ್ಣಿನ ಗೂಡು ಒಣಗಿ ಗಟ್ಟಿಯಾಗಿ ರಾಟೆಯ ಅಂಚಿಗೆ ತಾಗುತ್ತಿದ್ದರೆ, ಹಗ್ಗ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ತಡೆಯುತ್ತದೆ. ಗದ್ದೆಗೆ ನೀರೆತ್ತುವ ಪೆಟ್ರೋಲ್ ಪಂಪು, ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಪವರ್ ಸ್ಪ್ರೇಯರ್, ಇವುಗಳಲ್ಲೂ ಇದೇ ಬಗೆಯ ಸ್ಟಾರ್ಟರ್ ಇರುತ್ತದೆ. ಔಟ್‌ಬೋರ್ಡ್ ಮೋಟಾರನ್ನೇ ನೋಡದವರೂ ಇಲ್ಲಿ ಹೇಳಿದ್ದನ್ನು ತಮ್ಮ ಹಟ್ಟಿಯ ಯಂತ್ರದಲ್ಲಿ ಪರೀಕ್ಷಿಸಿ ನೋಡಬಹುದು.

ಪರೀಕ್ಷೆ ಹೀಗೆ. ಮೊದಲು ಗೇರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿ. ಇದನ್ನು ಕ್ಷುಲ್ಲಕ ಎಂದು ಬಿಡಬೇಡಿ. ಗೇರಿನಲ್ಲಿರುವಾಗ ಎಂಜಿನ್ ಹೊತ್ತಿಕೊಂಡರೆ ದೋಣಿ ಹಠಾತ್ತನೆ ನೆಗೆದು ಜನ ನೀರಿಗೆ ಬೀಳಬಹುದು. ಅದನ್ನು ತಪ್ಪಿಸಲು ಅನೇಕ ಮಾದರಿಗಳಲ್ಲಿ ಗೇರ್ ಸನ್ನೆಗೆ ಜೋಡಿಸಿದ ಒಂದು ಕೇಬಲ್ ಅಥವಾ ಕಡ್ಡಿ ರಾಟೆಯನ್ನೇ ತಡೆದು ನಿಲ್ಲಿಸುತ್ತದೆ. ಹಳೆಯ ಮೋಟಾರಿನಲ್ಲಿ ಆ ಕೇಬಲ್ ಸಡಿಲವಾಗಿ, ನ್ಯೂಟ್ರಲ್‌ನಲ್ಲೂ ತಡೆಕಡ್ಡಿ ಅರ್ಧ ಹೊರಗೇ ಉಳಿದಿರುತ್ತದೆ. ಸ್ಟಾರ್ಟರ್ ಕೆಟ್ಟಿದೆ ಎಂದು ಹೆಸರು ಬರುವುದು ತನ್ನ ಕೆಲಸವನ್ನು ಅತಿಯಾಗಿ ಮಾಡುತ್ತಿರುವ ಈ ಕಾವಲಿನಿಂದ. ಆಮೇಲೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಅವುಗಳ ವೈರನ್ನು ಎಂಜಿನ್ ಮೈಗೆ ಅರ್ತ್ ಮಾಡಿ. ಇಲ್ಲವಾದರೆ ಪ್ಲಗ್ ತೂತಿನಿಂದ ಚಿಮ್ಮುವ ಪೆಟ್ರೋಲ್ ಆವಿಗೆ ಕಿಡಿ ತಗಲುತ್ತದೆ. ಈಗ ಹಗ್ಗವನ್ನು ನಿಧಾನವಾಗಿ ಎಳೆಯಿರಿ. ಮೊದಲ ಗೇಣಿನಷ್ಟು, ಅಂದರೆ ಪಾಲ್‌ಗಳು ಕಚ್ಚಿಕೊಳ್ಳುವವರೆಗೆ, ಕೈಗೆ ತಿಳಿಯುವುದು ಸ್ಟಾರ್ಟರ್ ಮಾತ್ರ. ಕಚ್ಚಿಕೊಂಡ ಮೇಲೆ ತಿಳಿಯುವುದು ಎಂಜಿನ್. ಪ್ಲಗ್ ಬಿಚ್ಚಿದ ಮೇಲೆ ಹಗುರವಾಯಿತೇ? ಹಾಗಾದರೆ ಅಡ್ಡ ಬಂದದ್ದು ಸಿಲಿಂಡರಿನೊಳಗೆ ಸಿಕ್ಕಿಬಿದ್ದದ್ದು: ಸಹಜ ಒತ್ತಡ, ಇಲ್ಲವೆ ನೀರು. ಮೋಟಾರು ಒಮ್ಮೆ ಮಗುಚಿ ಮುಳುಗಿದ್ದರೆ ಸಿಲಿಂಡರಿನಲ್ಲಿ ನೀರು ನಿಂತಿರಬಹುದು. ಗಾಳಿ ಅದುಮಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಗೋಡೆಗೆ ಹಾಯ್ದಂತೆ ನಿಲ್ಲುತ್ತದೆ. ಆಗ ಜೋರಾಗಿ ಎಳೆದವರು ಕನೆಕ್ಟಿಂಗ್ ರಾಡ್ ಬಗ್ಗಿಸಿಕೊಳ್ಳಬಹುದು.

ಪ್ಲಗ್ ಬಿಚ್ಚಿದರೂ ಬಿಗಿಯಾಗಿಯೇ ಇದ್ದರೆ ಸ್ಟಾರ್ಟರಿನ ಮುಚ್ಚಳವನ್ನು ಹಿಡಿದಿರುವ ಬೋಲ್ಟುಗಳನ್ನು ತೆಗೆದು, ಇಡೀ ಮುಚ್ಚಳವನ್ನು ಹಾಗೆಯೇ ಎತ್ತಿ ಪಕ್ಕಕ್ಕಿಡಿ. ಫ್ಲೈವೀಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ. ಬಹುತೇಕ ಔಟ್‌ಬೋರ್ಡ್‌ಗಳಲ್ಲಿ ಮೇಲಿಂದ ನೋಡಿದರೆ ಪ್ರದಕ್ಷಿಣೆಯ ದಿಕ್ಕಿಗೆ. ಹಿಂದಕ್ಕೆ ತಿರುಗಿಸಬೇಡಿ, ಕೆಳಗಿನ ನೀರಿನ ಪಂಪಿನ ರಬ್ಬರ್ ರೆಕ್ಕೆಗಳು ಮಡಚಿಕೊಂಡಿರುವ ದಿಕ್ಕಿಗೆ ಅದು ವಿರುದ್ಧ. ಆ ರೆಕ್ಕೆಗಳ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ನ್ಯೂಟ್ರಲ್‌ನಲ್ಲೂ ಅವು ಎಂಜಿನ್ನಿಗೆ ಜೋಡಿಸಿಕೊಂಡೇ ಇರುತ್ತವೆ. ವರ್ಷಗಟ್ಟಲೆ ಒಣಗಿ ನಿಂತ ಮೋಟಾರಿನಲ್ಲಿ ರಬ್ಬರ್ ಪಂಪಿನ ಗೋಡೆಗೆ ಅಂಟಿಕೊಂಡು ಇಡೀ ಸುತ್ತಿಗೂ ಒಂದೇ ಸಮನೆ ಬಿಗಿ ಕೊಡುತ್ತದೆ. ತಲೆಯ ಮೇಲಿನ ಹಗ್ಗ ಬಿಗಿಯಾಗಿರುವುದಕ್ಕೆ ಕಾರಣ ನೀರಿನಡಿ ಮುಳುಗುವ ಕಾಲಿನಲ್ಲಿ ಇದೆ ಎಂದರೆ ಬಹಳ ಜನ ನಂಬುವುದಿಲ್ಲ. ಆದರೂ ನಿಂತು ಹೋದ ಮೋಟಾರಿನಲ್ಲಿ ಇದು ನೋಡಲೇಬೇಕಾದ ಜಾಗ. ಬಿಗಿ ಒಂದೇ ಸಮ ಇರದೆ ಸುತ್ತಿನ ಒಂದೇ ಜಾಗದಲ್ಲಿ ಕೆರೆದಂತೆ ಸದ್ದು ಬಂದರೆ ಫ್ಲೈವೀಲ್ ಒಳಗಿನ ಆಯಸ್ಕಾಂತದ ಅಂಟು ಬಿಟ್ಟು ಕಾಯಿಲಿಗೆ ತಾಗುತ್ತಿರಬಹುದು. ಫ್ಲೈವೀಲ್ ಹಗುರವಾಗಿ, ಸದ್ದಿಲ್ಲದೆ ತಿರುಗಿತೋ, ಎಂಜಿನ್ ನಿರ್ದೋಷಿ. ಪಕ್ಕಕ್ಕಿಟ್ಟ ಮುಚ್ಚಳವನ್ನು ಈಗ ಕೈಗೆತ್ತಿಕೊಳ್ಳಬಹುದು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಎಳೆತ ಎಂದರೆ ಎಂಜಿನ್, ಹಿಂದಿರುಗುವಿಕೆ ಎಂದರೆ ಸ್ಟಾರ್ಟರ್ ಎಂಬ ಗೆರೆ ಅಷ್ಟು ನೇರವಾಗಿಲ್ಲ ಎನ್ನಬಹುದು, ಮತ್ತು ಅದು ಸರಿ. ಮುಚ್ಚಳವನ್ನು ಫ್ಲೈವೀಲಿನ ನಡುವಿಗೆ ಸರಿಯಾಗಿ ಕೂರಿಸದೆ ಬೋಲ್ಟ್ ಬಿಗಿದಿದ್ದರೆ ಪಾಲ್‌ಗಳು ಬಟ್ಟಲಿಗೆ ಓರೆಯಾಗಿ ಕಚ್ಚುತ್ತವೆ. ಹಗ್ಗ ಎಳೆಯುವಾಗ ಮಾತ್ರ ತೊಡಕಾಗಿ, ಹಿಂದಿರುಗುವಾಗ ಚೊಕ್ಕವಾಗಿರುತ್ತದೆ. ಆದರೆ ಈ ಅಪವಾದವನ್ನು ಮುಚ್ಚಳ ಎತ್ತಿದಾಗಿನ ಪರೀಕ್ಷೆಯೇ ಬಯಲು ಮಾಡುತ್ತದೆ: ಫ್ಲೈವೀಲ್ ಬೇರೆಯಾಗಿ ಹಗುರ, ಸ್ಟಾರ್ಟರ್ ಬೇರೆಯಾಗಿ ಹಗುರ, ಎರಡೂ ಸೇರಿದಾಗ ಮಾತ್ರ ಬಿಗಿ ಎಂದರೆ ದೋಷ ಕೂಡುವ ಜಾಗದಲ್ಲಿದೆ. ಮುಚ್ಚಳವನ್ನು ಮೇಲಿಟ್ಟು, ಬೋಲ್ಟುಗಳನ್ನು ಸಡಿಲವಾಗಿ ಹಾಕಿ, ಹಗ್ಗವನ್ನು ಪಾಲ್ ಕಚ್ಚುವವರೆಗೆ ಮೆಲ್ಲಗೆ ಎಳೆದು ಹಿಡಿದು, ಹಾಗೆ ಹಿಡಿದಿರುವಾಗಲೇ ಬೋಲ್ಟ್ ಬಿಗಿದರೆ ಅದು ತಾನೇ ನಡುವಿಗೆ ಬಂದು ಕೂರುತ್ತದೆ. ಇನ್ನೊಂದು ಅಪವಾದ, ಹೊರಗೇ ಸಿಕ್ಕಿಕೊಂಡ ಪಾಲ್: ಅದು ಹಿಂದಿರುಗುವಾಗಲೂ ಫ್ಲೈವೀಲಿಗೆ ಉಜ್ಜುತ್ತದೆ. ಅದೂ ಸ್ಟಾರ್ಟರಿನ ಭಾಗವೇ ಆದ್ದರಿಂದ ತೀರ್ಪು ಬದಲಾಗುವುದಿಲ್ಲ.

ಕೈಯಲ್ಲಿರುವ ಮುಚ್ಚಳದಲ್ಲಿ ಮೊದಲು ನೋಡಬೇಕಾದದ್ದು ಸ್ಪ್ರಿಂಗನ್ನಲ್ಲ, ಹಗ್ಗದ ಕಿಂಡಿಯನ್ನು. ಬೆರಳು ಹಾಕಿ ಸವರಿ. ಹಗ್ಗ ಸದಾ ಒಂದೇ ಬದಿಗೆ ಉಜ್ಜಿ ಕೊರೆದ ಗೀರು ಉಗುರಿಗೆ ಸಿಗುತ್ತದೆ. ಅದರ ಅಂಚಿನಲ್ಲಿ ಹಗ್ಗದ ನಾರು ನವಿರಾಗಿ ಸಿಕ್ಕಿಕೊಂಡಿರುತ್ತದೆ. ಅಲ್ಲಿ ಕೊಡುವ ಐದು ನಿಮಿಷದ ನುಣುಪು ಮರಳುಕಾಗದದ ಉಜ್ಜು, ಮೇಲಿನ ಲೆಕ್ಕದಂತೆ, ಸ್ಪ್ರಿಂಗಿನ ಬಲವನ್ನು ಮೂರನೇ ಒಂದು ಪಾಲಿಗಿಂತ ಹೆಚ್ಚು ಏರಿಸಿದ್ದಕ್ಕೆ ಸಮ. ಆಮೇಲೆ ಹಗ್ಗ. ಹಳೆಯದು ತುಂಡಾದಾಗ ಕೈಗೆ ಸಿಕ್ಕ ಪ್ಲಾಸ್ಟಿಕ್ ಹಗ್ಗ ಹಾಕುವುದು ಸಾಮಾನ್ಯ. ಅದು ಪಾಲಿಪ್ರೊಪಿಲೀನ್, ಸಣ್ಣ ರಾಟೆಗೆ ಬಾಗಲು ಒಪ್ಪದಷ್ಟು ಬಿರುಸು, ಸುಮಾರು 165 ಡಿಗ್ರಿಗೇ ಕರಗುವ ವಸ್ತು. ದಪ್ಪವಾದರೆ ಸುತ್ತುಗಳು ರಾಟೆಯ ತೋಡಿನಿಂದ ಮೇಲೆದ್ದು ಮುಚ್ಚಳದ ಗೋಡೆಗೆ ಒತ್ತುತ್ತವೆ. ಸಣ್ಣದಾದರೆ ರಾಟೆಯ ಅಂಚಿನಿಂದ ಜಾರಿ ಸಂದಿಗೆ ಸೇರಿ ಬೆಣೆಯಾಗುತ್ತದೆ. ಮುಚ್ಚಳದ ಒಳಗೋಡೆಯಲ್ಲಿ ಬಳೆಯಂತೆ ಹೊಳೆಯುವ ಗೆರೆ ಕಂಡರೆ ಇದೇ ಕಥೆ. ಹೆಣೆದ ನೈಲಾನ್ ಅಥವಾ ಪಾಲಿಯೆಸ್ಟರ್ ಹಗ್ಗ, ಮೂಲದಷ್ಟೇ ದಪ್ಪ, ಮೂಲದಷ್ಟೇ ಉದ್ದ, ಇದರಲ್ಲಿ ರಾಜಿ ಬೇಡ. ಮೂರನೆಯದು ನಡುವಿನ ಬೋಲ್ಟ್. ಹಿಂದೊಮ್ಮೆ ಬಿಚ್ಚಿ ಜೋಡಿಸಿದವರು ಅದರಡಿಯ ತೆಳು ವಾಷರ್ ಬಿಟ್ಟಿದ್ದರೆ ಬೋಲ್ಟ್ ಬಿಗಿದಂತೆ ರಾಟೆಯೇ ಹಿಚುಕಿಕೊಳ್ಳುತ್ತದೆ. ಪರೀಕ್ಷೆಗೆಂದು ಅರ್ಧ ಸುತ್ತು ಸಡಿಲಿಸಿ ನೋಡಿ. ಹಗ್ಗ ಚುರುಕಾದರೆ ಕಾರಣ ಸಿಕ್ಕಿತು.

‘ಇಷ್ಟೆಲ್ಲ ಯಾಕೆ, ನಾಲ್ಕು ಹನಿ ಎಣ್ಣೆ ಬಿಟ್ಟರೆ ಆಯ್ತಲ್ಲ?’ ಎನ್ನುವವರಿದ್ದಾರೆ. ಎಣ್ಣೆ ಬಿಟ್ಟ ಕೂಡಲೇ ಹಗ್ಗ ಹಗುರವಾಗುವುದೂ ನಿಜ, ಆದ್ದರಿಂದಲೇ ಈ ನಂಬಿಕೆ ಗಟ್ಟಿಯಾಗಿದೆ. ಆದರೆ ಆ ಎಣ್ಣೆ ಗೋಡನ್ನು ತೊಳೆಯುವುದಿಲ್ಲ, ಕಲಸುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಅದು ಪಾಲ್‌ಗಳನ್ನು ಹೊರತಳ್ಳುವ ಕ್ಲಿಪ್ಪಿಗೆ ಹರಿಯುತ್ತದೆ. ಈ ಇಡೀ ಯಂತ್ರದಲ್ಲಿ ಘರ್ಷಣೆ ಬೇಕೇಬೇಕಾದ ಜಾಗ ಅದೊಂದೇ. ಅಲ್ಲಿ ಜಾರಿದರೆ ಪಾಲ್ ಹೊರಬರುವುದಿಲ್ಲ; ಹಗ್ಗ ಹಗುರವಾಗಿ ಬರುತ್ತದೆ, ಎಂಜಿನ್ ಅಲ್ಲಾಡುವುದಿಲ್ಲ. ಬಿಗಿಯಾದ ಸ್ಟಾರ್ಟರ್ ಹೋಗಿ ಕಚ್ಚದ ಸ್ಟಾರ್ಟರ್ ಬಂದಂತಾಯಿತು. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಪೂರ್ತಿ ತೊಳೆದು, ಒಣಗಿಸಿ, ಸ್ಪ್ರಿಂಗ್ ಮತ್ತು ಬುಷ್‌ಗೆ ಮಾತ್ರ ತೆಳುವಾಗಿ ಹೊಸ ಗ್ರೀಸ್ ಸವರುವುದೇ ಸರಿಯಾದ ದಾರಿ.

ಇನ್ನೊಂದು ಸುಲಭದ ಉಪಾಯ, ಸ್ಪ್ರಿಂಗಿಗೆ ಇನ್ನೆರಡು ಸುತ್ತು ಹೆಚ್ಚು ಬಿಗಿ ಕೊಡುವುದು. ಹಿಂದಿರುಗದ ಹಗ್ಗಕ್ಕೆ ಬಲ ಸಾಲದು, ಬಲ ಕೊಡೋಣ ಎಂಬ ತರ್ಕ. ಸ್ಪ್ರಿಂಗ್ ಎಷ್ಟು ಸುತ್ತು ತಿರುಗಬಲ್ಲದು ಎಂಬುದಕ್ಕೆ ಮಿತಿಯಿದೆ. ಪಟ್ಟಿಯ ಸುತ್ತುಗಳು ನಡುವಿಗೆ ಬಿಗಿದು ಒಂದಕ್ಕೊಂದು ಅಂಟಿದ ಮೇಲೆ ಅದು ಗಟ್ಟಿ ಕಬ್ಬಿಣದ ಉಂಡೆ. ರಾಟೆಯ ವ್ಯಾಸ 12 ಸೆಂಟಿಮೀಟರ್ ಇದ್ದರೆ ಒಂದು ಸುತ್ತಿಗೆ ಸುಮಾರು 38 ಸೆಂಟಿಮೀಟರ್ ಹಗ್ಗ. ಒಂದೂವರೆ ಮೀಟರ್ ಹಗ್ಗಕ್ಕೆ ನಾಲ್ಕು ಸುತ್ತು ಬೇಕು. ಮೊದಲೇ ಕೊಟ್ಟ ಹೆಚ್ಚುವರಿ ಬಿಗಿ ಈ ನಾಲ್ಕು ಸುತ್ತಿನ ಜಾಗವನ್ನು ತಿಂದರೆ ಹಗ್ಗ ಪೂರ್ತಿ ಬರುವ ಮೊದಲೇ ಠಕ್ಕೆಂದು ನಿಲ್ಲುತ್ತದೆ, ಮತ್ತು ಆ ಪೆಟ್ಟು ಬೀಳುವುದು ಸ್ಪ್ರಿಂಗಿನ ಕೊಕ್ಕೆತುದಿಗೆ. ಹಗ್ಗ ಪೂರ್ತಿ ಹೊರಗಿರುವಾಗಲೂ ರಾಟೆ ಇನ್ನು ಅರ್ಧ ಸುತ್ತಾದರೂ ತಿರುಗುವಂತಿರಬೇಕು. ಹಗ್ಗ ಪೂರ್ತಿ ಒಳಗಿರುವಾಗ ಹಿಡಿಕೆ ಜೋಲದೆ ಕಿಂಡಿಗೆ ಕೂತಿರಬೇಕು. ಈ ಎರಡರ ನಡುವೆ ಬಿಗಿ ಎಷ್ಟಾದರೂ ಸರಿ. ಘರ್ಷಣೆಯನ್ನು ಕಳೆಯದೆ ಬಲವನ್ನು ಕೂಡಿಸುವುದು ಸ್ಪ್ರಿಂಗಿನ ಆಯುಸ್ಸನ್ನು ಖರ್ಚು ಮಾಡಿದಂತೆ.

ಸ್ಪ್ರಿಂಗನ್ನೇ ಹೊರತೆಗೆಯಬೇಕಾಗಿ ಬಂದರೆ ಎಚ್ಚರ ಬೇಕು. ಸರಾಸರಿ 2 ಕಿಲೋ ಬಲದಿಂದ ಒಂದೂವರೆ ಮೀಟರ್ ಹಗ್ಗವನ್ನು ಎಳೆಯುವ ಸ್ಪ್ರಿಂಗಿನಲ್ಲಿ ಅಡಗಿರುವ ಶಕ್ತಿ, 3 ಮೀಟರ್ ಎತ್ತರದಿಂದ ಬೀಳುವ ಒಂದು ಕಿಲೋ ಕಲ್ಲಿನಷ್ಟು. ಅಷ್ಟೂ ತೆಳುವಾದ ಹರಿತ ಅಂಚಿನ ಪಟ್ಟಿಯಲ್ಲಿದೆ. ಕನ್ನಡಕ, ದಪ್ಪ ಕೈಗವಸು ಇಲ್ಲದೆ, ಮೊದಲು ಬಿಗಿಯನ್ನು ಇಳಿಸದೆ ರಾಟೆಯನ್ನು ಎತ್ತಬಾರದು. ಮುಖವನ್ನು ಅದರ ಮೇಲೆ ಬಗ್ಗಿಸಲೇಬಾರದು.

ಹೊಸ ಸ್ಟಾರ್ಟರನ್ನೇ ಹಾಕಿಬಿಡಿ ಎಂಬ ಸಲಹೆ ಈಗಿನ ಮಾದರಿಗಳಿಗೆ ನ್ಯಾಯವೇ. ಹಳೆಯದಕ್ಕೆ ಎಲ್ಲಿಂದ ತರುವುದು? ಜಾನ್ಸನ್, ಎವಿನ್‌ರೂಡ್ ಎರಡನ್ನೂ ತಯಾರಿಸುತ್ತಿದ್ದ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ 2000ದ ಡಿಸೆಂಬರ್‌ನಲ್ಲಿ ದಿವಾಳಿಯಾಯಿತು. ಎವಿನ್‌ರೂಡ್ ಹೆಸರಿನ ಮೋಟಾರುಗಳ ತಯಾರಿಕೆಯೇ 2020ರಲ್ಲಿ ನಿಂತಿತು. ಆದರೆ ಸ್ಟಾರ್ಟರಿನಲ್ಲಿ ನಿಜವಾಗಿ ಸವೆಯುವುದು ಬಹಳ ಸರಳ ಭಾಗಗಳು: ಒಂದು ಬುಷ್, ಒಂದು ವಾಷರ್, ಸ್ಪ್ರಿಂಗಿನ ತುದಿ. ಇವಕ್ಕೆ ಹರಿಹರದಂಥ ಊರು ಸಾಕು. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೇ ಹೆಸರಾದದ್ದು. ಕಾರ್ಖಾನೆ ಮುಚ್ಚಿದೆ, ಲೇತ್ ಮೇಲೆ ಕೈ ಪಳಗಿಸಿಕೊಂಡವರ ಊರು ಅದು ಎಂಬುದು ಮಾತ್ರ ಅಳಿಸಿಲ್ಲ. ಸವೆದ ಬುಷ್ ಜಾಗಕ್ಕೆ ಹಿತ್ತಾಳೆಯದೊಂದನ್ನು ಕಡೆಯುವುದು ಅಂಥ ಕೈಗೆ ದೊಡ್ಡ ಕೆಲಸವಲ್ಲ. ಮುರಿದ ಸ್ಪ್ರಿಂಗ್ ತುದಿಯನ್ನು ಒಂದಿಂಚಿನಷ್ಟು ಮಾತ್ರ ಕೆಂಪಗೆ ಕಾಯಿಸಿ ಹೊಸ ಕೊಕ್ಕೆ ಬಗ್ಗಿಸಬಹುದು; ಅದಕ್ಕಿಂತ ಉದ್ದ ಕಾಯಿಸಿದರೆ ಉಕ್ಕಿನ ಹದ ಕೆಡುತ್ತದೆ. ಪಟ್ಟಿಯ ಮೈಯಲ್ಲಿ ತುಕ್ಕಿನ ಗುಳಿಗಳು ಕಂಡರೆ ಈ ಕಷ್ಟ ಬೇಡ, ಆ ಗುಳಿಯಲ್ಲೇ ಅದು ಮುರಿಯುತ್ತದೆ.

ಅನುಭವಿಗಳ ಕೈಗೆ ಇದೆಲ್ಲ ಹೇಳದೆಯೇ ತಿಳಿಯುತ್ತದೆ ಎನ್ನಬಹುದು. ಒಪ್ಪುತ್ತೇನೆ. ಒಳ್ಳೆಯ ಮೆಕ್ಯಾನಿಕ್ ಹಗ್ಗವನ್ನು ಒಮ್ಮೆ ಎಳೆದು, ಬಿಟ್ಟು, ನೇರವಾಗಿ ಕೆಟ್ಟ ಜಾಗಕ್ಕೆ ಕೈ ಹಾಕುವುದು ಇದೇ ಲೆಕ್ಕದಿಂದ, ಅವನು ಅದನ್ನು ಸೂತ್ರದಲ್ಲಿ ಹೇಳುವುದಿಲ್ಲ ಅಷ್ಟೆ. ಆದರೆ ನೆರೆಯ ದಿನ ದೋಣಿಯಲ್ಲಿ ಇರುವವರು ಮೆಕ್ಯಾನಿಕ್ ಆಗಿರಬೇಕೆಂದಿಲ್ಲ. ಅಂಥ ದಿನ ಮುಚ್ಚಳ ಬಿಚ್ಚಿ ರಿಪೇರಿಗೆ ಕೂರಲು ಸಮಯವೂ ಇರುವುದಿಲ್ಲ. ಆಗ ಉಳಿಯುವುದು ಹಳೆಯ ಪದ್ಧತಿಯೊಂದೇ. ಸ್ಟಾರ್ಟರನ್ನು ಪೂರ್ತಿ ಕಳಚಿಟ್ಟು, ಫ್ಲೈವೀಲಿನ ಕಚ್ಚಿಗೆ ಗಂಟಿನ ಹಗ್ಗ ಸಿಕ್ಕಿಸಿ, ಸುತ್ತಿ ಎಳೆಯುವುದು. ಇದು ಕೆಲಸ ಮಾಡುತ್ತದೆ. ಅಪಾಯವೂ ಇದೆ, ತೆರೆದ ಫ್ಲೈವೀಲ್ ಹತ್ತಿರ ಸಡಿಲ ಅಂಗಿ, ಟವೆಲ್, ರೇನ್‌ಕೋಟಿನ ದಾರ ಇರಕೂಡದು. ಹಗ್ಗದ ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಳ್ಳಲೇಬಾರದು.

ಮೇ ತಿಂಗಳಲ್ಲಿ, ಮುಂಗಾರು ಕೂರುವ ಮೊದಲು, ನಿಮ್ಮ ಊರಿನ ದೋಣಿಯ ಮೋಟಾರನ್ನೋ ನಿಮ್ಮ ಗದ್ದೆಯ ಪಂಪನ್ನೋ ಹೊರಗೆ ತೆಗೆದು ಹಗ್ಗವನ್ನು ನಿಧಾನವಾಗಿ ಪೂರ್ತಿ ಎಳೆಯಿರಿ. ಹಿಡಿಕೆಯನ್ನು ಕೈಬಿಡದೆ, ಸ್ಪ್ರಿಂಗ್ ಎಷ್ಟು ಎಳೆಯುತ್ತದೋ ಅಷ್ಟೇ ಒಳಗೆ ಹೋಗಲು ಬಿಡಿ. ಅದು ಕೊನೆಯವರೆಗೂ ತಾನಾಗಿ ಹೋದರೆ ಮುಚ್ಚಳವನ್ನು ಮುಟ್ಟಬೇಡಿ. ನಡುವೆ ನಿಂತರೆ ಎಲ್ಲಿ ನಿಂತಿತು ಎಂದು ಹಗ್ಗದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಮೆಕ್ಯಾನಿಕ್‌ಗೆ ಮೊದಲು ಆ ಗುರುತನ್ನು ತೋರಿಸಿ. ಒಂದು ಪ್ಲಗ್ ಪಾನಾ, ಮುಚ್ಚಳದ ಬೋಲ್ಟಿಗೆ ಹೊಂದುವ ಒಂದು ಸ್ಪ್ಯಾನರ್, ಗಂಟು ಹಾಕಿದ ಒಂದೂವರೆ ಮೀಟರ್ ಬಿಡಿ ಹಗ್ಗ, ಈ ಮೂರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೋಟಾರಿನ ಜೊತೆಗೇ ಇಡಿ.